ಹಿಂಬದಿ ಇಲ್ಲದ ಕಸೂತಿ

ಬಲಗೈ ರೂಢಿಯವರಿಗೆ ಎಡಗೈಯ ಉಗುರುಗಳನ್ನು ಸಿಂಗರಿಸುವುದು ಸುಲಭ. ಬಲಗೈಯ ಸರದಿ ಬಂದಾಗ ಮಾತ್ರ, ಎಷ್ಟೇ ನುರಿತವರಾದರೂ ಇನ್ನೊಬ್ಬರ ಕೈಯನ್ನು ಬೇಡಬೇಕಾಗುತ್ತದೆ. ಅಕ್ಕಲಕೋಟೆ ತಾಲೂಕಿನ ಒಂದು ಊರಿನಲ್ಲಿ, ಸಂಕ್ರಾಂತಿ ಕಳೆದು ಕೆಲವು ದಿನಗಳಾದ ಒಂದು ಶನಿವಾರದ ಸಂಜೆ, ಬಿ.ಎ. ಎರಡನೆಯ ವರ್ಷದಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಇಂಥದೇ ಇಕ್ಕಟ್ಟಿನಲ್ಲಿ ಕುಳಿತಿದ್ದಳು. ಎಡಗೈಯ ಐದೂ ಉಗುರುಗಳ ಮೇಲೆ ಕಪ್ಪು ನೆಲ, ಅದರ ಮೇಲೆ ಬಿಳಿ, ಕೆಂಪು, ಹಸಿರು ಗೆರೆಗಳ ಕಸೂತಿ ಮುಗಿದಿತ್ತು. ಬಲಗೈಯ ಉಗುರುಗಳು ಇನ್ನೂ ಬರಿದಾಗಿದ್ದವು. ಮರುದಿನ ಮನೆಯಲ್ಲಿ ಅರಿಶಿನ-ಕುಂಕುಮದ ಕಾರ್ಯ. ಅವ್ವ ಅಡುಗೆಮನೆಯಲ್ಲಿ ಎಳ್ಳು ಹುರಿಯುತ್ತಿದ್ದಳು. ನಡುಮನೆಯಲ್ಲಿ ಆಯಿ ಕೌದಿಯ ಅಂಚನ್ನು ಹೊಲಿಯುತ್ತಿದ್ದಳು.

'ಆಯಿ' ಎಂಬ ಮಾತನ್ನು ಇಲ್ಲಿಯೇ ಬಿಡಿಸಿ ಹೇಳಬೇಕು. ಈ ಸೀಮೆಯ ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ಆಈ ಎಂದರೆ ತಾಯಿ. ಎರಡು ಭಾಷೆಗಳ ನಡುವೆ ಬೆಳೆದ ಮಕ್ಕಳು ಈ ಒಂದು ಪದದಲ್ಲಿ ಎಂದಾದರೊಮ್ಮೆ ಎಡವಿಯೇ ಎಡವುತ್ತಾರೆ. ಈ ಹುಡುಗಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಐದಕ್ಕೆ ಮರಾಠಿ ಶಾಲೆ ಸೇರಿದವಳು. ಆ ವರ್ಷ ಪರೀಕ್ಷೆಯಲ್ಲಿ 'ಮಾಝೀ ಆಈ' ಎಂದು ನಿಬಂಧ ಕೇಳಿದ್ದರು. ಅವಳು ಒಂದು ಪುಟ ತುಂಬ ಅಜ್ಜಿಯ ವಿಷಯ ಬರೆದಳು: ನನ್ನ ಆಯಿಗೆ ಹಲ್ಲಿಲ್ಲ, ಕನ್ನಡಕವಿದೆ, ಅವಳು ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತಾಳೆ. ಗುರುಗಳು ಕೆಂಪು ಶಾಯಿಯಲ್ಲಿ ಪ್ರಶ್ನೆಯ ಚಿಹ್ನೆ ಹಾಕಿ, ನಕ್ಕು, ಅಂಕ ಕೊಟ್ಟಿದ್ದರು. ಮನೆಯಲ್ಲಿ ಅದು ಬಹುಕಾಲದ ನಗೆಯ ಮಾತಾಗಿತ್ತು. ಆ ಪದ ಮತ್ತೊಮ್ಮೆ ತಪ್ಪಾಗಿ ಕೇಳಿಸಿಕೊಂಡು ಮನೆಗೆ ಉಪಕಾರ ಮಾಡೀತೆಂದು ಆಗ ಯಾರೂ ಎಣಿಸಿರಲಿಲ್ಲ.

ಉಗುರಿನ ಮೇಲೆ ಚಿತ್ರ ಬರೆಯುವ ಹವ್ಯಾಸ ಹುಡುಗಿಗೆ ಕಾಲೇಜಿನ ಗೆಳತಿಯರಿಂದ ಅಂಟಿದ್ದು. ಆರಂಭದಲ್ಲಿ ಎಲ್ಲರೂ ಬರೆಯುವ ಹೂವು, ಚಿಟ್ಟೆ, ನಕ್ಷತ್ರಗಳನ್ನೇ ಅವಳೂ ಬರೆದಳು. ಆಮೇಲೆ ಒಂದೊಂದು ಸಂದರ್ಭಕ್ಕೆ ಒಂದೊಂದು ವಸ್ತುವನ್ನು ಆರಿಸಿಕೊಂಡು ಹತ್ತು ಉಗುರುಗಳನ್ನೂ ಅದಕ್ಕೇ ಮೀಸಲಿಡುವ ಗೀಳು ಹತ್ತಿತು. ದೀಪಾವಳಿಗೆ ಹಣತೆಗಳ ಸಾಲು; ಹಿಂಗಾರಿ ಜೋಳ ತೆನೆಗಟ್ಟುವ ಕಾಲಕ್ಕೆ ಇಳಕಲ್ ಸೀರೆಯ ಸೆರಗಿನ ಕೆಂಪು-ಬಿಳಿ ತೆನೆ; ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಏಳು ಉಗುರುಗಳ ಮೇಲೆ ಏಳು ನಂದಿಧ್ವಜ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣನ ಜಾತ್ರೆಯನ್ನು ಒಂದು ಗುಂಜಿಯಗಲದ ಜಾಗದಲ್ಲಿ ಹಿಡಿಸುವುದು ಹುಡುಗಾಟವೆಂದು ಅವ್ವ ಬೈದಿದ್ದಳು. ಆಯಿ ಮಾತ್ರ ಮೊಮ್ಮಗಳ ಕೈಯನ್ನು ಬೆಳಕಿಗೆ ಹಿಡಿದು ಧ್ವಜಗಳನ್ನು ಎಣಿಸಿ, ಏಳು ಸರಿಯಾಗಿವೆ ಎಂದು ಕೈ ಬಿಟ್ಟಿದ್ದಳು.

ಈ ಸಲದ ವಸ್ತು ಚಂದ್ರಕಾಳಿ ಸೀರೆ. ಕಪ್ಪು ಒಡಲಿನ ಈ ಸೀರೆಯನ್ನು ಉತ್ತರ ಕರ್ನಾಟಕದಲ್ಲಿ ಕಸೂತಿ ಹಾಕಿಸಿ ಮದುಮಗಳಿಗೆ ಕೊಡುವ ರೂಢಿಯಿತ್ತು. ಮರಾಠಿಗರ ಚಂದ್ರಕಳಾ ಕೂಡ ಕಪ್ಪು ಸೀರೆಯೇ. ಉಳಿದ ಹಬ್ಬಗಳಲ್ಲಿ ಒಲ್ಲೆನ್ನುವ ಕಪ್ಪು ಸಂಕ್ರಾಂತಿಗೆ ಮಾತ್ರ ಮಂಗಳವಾಗುತ್ತದೆ. ಆಯಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಅಂಥದೊಂದು ಸೀರೆಯಿತ್ತು. ಅದರ ಕಸೂತಿ ಮದುವೆಗೆ ಮುಂಚೆ ಆಯಿಯೇ ಹಾಕಿದ್ದು. ಗಂಡ ತೀರಿಕೊಂಡ ವರ್ಷ ಸೀರೆ ಪೆಟ್ಟಿಗೆಯ ತಳ ಸೇರಿತು. ಅಂದಿನಿಂದ ಆಯಿ ಕಸೂತಿಯ ಸೂಜಿ ಹಿಡಿಯಲಿಲ್ಲ; ಕೌದಿ ಹೊಲಿದಳು. ಹೊಲಿಯಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಕೌದಿ ಹೊದೆಯುವುದಕ್ಕೆ, ಕಸೂತಿ ಕಣ್ಣು ಸೆಳೆಯುವುದಕ್ಕೆ. ಕಣ್ಣು ಸೆಳೆಯುವ ಯಾವುದೂ ತನಗೆ ಸಲ್ಲದೆಂಬುದನ್ನು ಅವಳು ಯಾರೂ ಹೇಳದೆಯೇ ಕಲಿತಿದ್ದಳು. ಇಂಥ ಪಾಠಗಳಿಗೆ ಪಠ್ಯಪುಸ್ತಕ ಬೇಕಾಗುವುದಿಲ್ಲ.

ಹುಡುಗಿ ಅವ್ವನ ಕಣ್ಣು ತಪ್ಪಿಸಿ ಸೀರೆಯನ್ನು ಹೊರತೆಗೆದು ನಾಲ್ಕು ದಿನ ಅಭ್ಯಾಸ ಮಾಡಿದಳು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಹಾಕುತ್ತ ಮುಂದೆ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರಿಳಿಯುತ್ತದೆ. ನೇಗಿ ಹೆಸರೇ ಹೇಳುವಂತೆ ನೇಯ್ದಂತೆ ಕಾಣುತ್ತದೆ. ಮೆಂತೆ ಮೆಂತ್ಯದ ಕಾಳಿನಂತೆ ಒತ್ತೊತ್ತಾದ ಅಡ್ಡಗೆರೆಗಳ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸಿಯೇ ಗೋಪುರ, ರಥ, ಪಲ್ಲಕ್ಕಿ, ತುಳಸಿ ಕಟ್ಟೆಗಳನ್ನು ಎಬ್ಬಿಸಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು.

ಉಗುರಿಗೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಎಣಿಸುವುದು ಏನನ್ನು? ಹುಡುಗಿಗೆ ಅಂಗಳದ ಚುಕ್ಕಿ ರಂಗೋಲಿ ನೆನಪಾಯಿತು. ಮೊದಲು ಚುಕ್ಕಿಗಳ ಚೌಕವನ್ನು ಇಟ್ಟುಕೊಂಡರೆ ಆ ಚುಕ್ಕಿಗಳೇ ಎಳೆಗಳ ಕೆಲಸ ಮಾಡುತ್ತವೆ. ಗುಂಡುಸೂಜಿಯ ಮೊನೆಯನ್ನು ಪೆನ್ಸಿಲ್ಲಿನ ರಬ್ಬರಿಗೆ ಚುಚ್ಚಿ, ಅದರ ತಲೆಯಿಂದ ಚುಕ್ಕಿ ಇಡುವ ಸಾಧನ ಮಾಡಿಕೊಂಡಳು. ಸಣ್ಣ ಬಣ್ಣದ ಕುಂಚದ ಕೂದಲುಗಳನ್ನು ಕತ್ತರಿಸಿ ನಾಲ್ಕೈದು ಎಳೆ ಮಾತ್ರ ಉಳಿಸಿಕೊಂಡಳು. ಗೆರೆಗಳಿಗೆ ನೇಲ್ ಪಾಲಿಶ್ ಬಳಸಲಿಲ್ಲ. ಅದು ಕುಂಚದಲ್ಲೇ ಒಣಗಿ ನೂಲಿನಂತೆ ಎಳೆಯುತ್ತದೆ. ಅಕ್ರಿಲಿಕ್ ಬಣ್ಣಕ್ಕೆ ನೀರೇ ಸಾಕು. ಗೆರೆ ತಪ್ಪಿದರೆ ಒದ್ದೆ ಹತ್ತಿಯಿಂದ ಆಗಲೇ ಒರೆಸಿಬಿಡಬಹುದು, ಕೆಳಗಿನ ಕಪ್ಪು ಕದಲುವುದಿಲ್ಲ.

ಕಪ್ಪು ನೆಲವನ್ನು ಹದಗೊಳಿಸಲು ಅವಳಿಗೆ ಹೆಚ್ಚು ಕಾಲ ಬೇಕಾಯಿತು. ಗಾಢ ಬಣ್ಣವನ್ನು ನೇರವಾಗಿ ಹಚ್ಚಿದರೆ ಉಗುರಿಗೆ ಕಲೆ ಹಿಡಿಯುತ್ತದೆ. ಅದಕ್ಕಾಗಿ ಮೊದಲು ಬಣ್ಣವಿಲ್ಲದ ಒಂದು ಲೇಪ ಬೇಕು. ಒಮ್ಮೆಗೇ ದಪ್ಪಗೆ ಬಳಿದರೆ ಮೇಲ್ಪದರ ಮೊದಲು ಕೆನೆಗಟ್ಟಿ, ಒಳಗಿನ ದ್ರಾವಕ ಹೊರಬರಲಾರದೆ ಗುಳ್ಳೆಗಳೇಳುತ್ತವೆ. ಎರಡು ತೆಳು ಲೇಪಗಳ ನಡುವೆ ಕಾಯುವುದೇ ಈ ಕಲೆಯ ದೊಡ್ಡ ಶಿಸ್ತು. ಸಾಮಾನ್ಯ ನೇಲ್ ಪಾಲಿಶ್ ಒಣಗುವುದೆಂದರೆ ಅದರ ದ್ರಾವಕ ಆರಿಹೋಗಿ ನೈಟ್ರೊಸೆಲ್ಯುಲೋಸ್ ಎಂಬ ತೆಳು ಪೊರೆ ಉಳಿಯುವುದು. ಆ ಪೊರೆಯ ಮೂಲ ಹತ್ತಿಯ ನಾರು ಅಥವಾ ಮರದ ತಿರುಳು. ಹತ್ತಿಗಿರಣಿಗಳಿಂದ ಹೆಸರಾದ ಸೊಲ್ಲಾಪುರದ ಮಗ್ಗುಲಿನ ಹುಡುಗಿಗೆ ಇದನ್ನು ಓದಿದಾಗ ಸಂತೋಷವಾಗಿತ್ತು. ಸೀರೆಯ ಮೇಲೆ ಆಯಿ ಹಾಕಿದ್ದು ಹತ್ತಿಯ ದಾರ. ಮೊಮ್ಮಗಳ ಉಗುರಿನ ಮೇಲೆ ಒಣಗುತ್ತಿರುವ ಕಪ್ಪು ಪೊರೆಗೂ ಹತ್ತಿಯ ನಂಟಿದೆ.

ಎಡಗೈ ಮುಗಿಯಿತು. ಹುಡುಗಿ ಬಲಗೈಯನ್ನು ಮುಂದೆ ಚಾಚಿ, ನಡುಮನೆಯ ಕಡೆ ನೋಡಿದಳು.

"ಆಯಿ, ಈ ಕೈಗೆ ನೀ ಬರೀ."

"ನನಗ್ಯಾಕವ್ವ ಈ ಬಣ್ಣದ ಕೆಲಸ? ನಿಮ್ಮವ್ವಗ ಕರಿ."

"ಅವ್ವಗ ಮೆಂತಿ ಹೊಲಿಗಿ ಗೊತ್ತಿಲ್ಲ."

ಆಯಿಯ ಸೂಜಿ ಕೌದಿಯಲ್ಲೇ ನಿಂತಿತು. ಹೊಲಿಗೆಯ ಹೆಸರನ್ನು ಆ ಮನೆಯಲ್ಲಿ ಯಾರಾದರೂ ಆಡಿ ಎಷ್ಟೋ ವರ್ಷಗಳಾಗಿದ್ದವು. ಹುಡುಗಿ ಎಡಗೈಯನ್ನು ಅವಳ ಕನ್ನಡಕದ ಮುಂದೆ ಹಿಡಿದಳು. ಕಪ್ಪು ನೆಲದ ಮೇಲಿನ ಗೋಪುರವನ್ನು ಆಯಿ ಬಹಳ ಹೊತ್ತು ನೋಡಿದಳು. ಪೆಟ್ಟಿಗೆ ತೆಗೆದವರು ಯಾರೆಂದು ಕೇಳಲಿಲ್ಲ.

"ಮಂದಿ ಏನಂದಾರು? ನಾಳಿ ಕಾರ್ಯ ಅದ."

ಹುಡುಗಿಗೆ ಕಾಲೇಜಿನಲ್ಲಿ ಓದಿದ್ದು ನೆನಪಿಗೆ ಬಂತು. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡದ ಗ್ರಾಮಸಭೆ, ಗಂಡ ಸತ್ತ ಹೆಣ್ಣಿನ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ಕಾಲುಂಗುರ ತೆಗೆಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಗ್ರಾಮ ಪಂಚಾಯತಿಗಳೂ ಈ ಮಾದರಿಯನ್ನು ಅನುಸರಿಸಲೆಂದು ಸುತ್ತೋಲೆ ಹೊರಡಿಸಿತು. ಗಡಿಯಂಚಿನ ಒಂದು ಹಳ್ಳಿ ರಾಜ್ಯಕ್ಕೆಲ್ಲ ಪಾಠ ಹೇಳಿದ ಆ ಸಂಗತಿಯನ್ನು ಹುಡುಗಿ ಆವೇಶದಿಂದ ವಿವರಿಸಿದಳು. ಗ್ರಾಮಸಭೆ, ನಿರ್ಣಯ, ಸುತ್ತೋಲೆ ಎಲ್ಲವನ್ನೂ ಆಯಿ ತಾಳ್ಮೆಯಿಂದ ಕೇಳಿ, ಕೊನೆಗೆ ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಉಗುರಲೆ ಹೋಗೂದಕ್ಕ ಕೊಡ್ಲಿ ಯಾಕ ತರ್ತೀ? ತಾ ಇಲ್ಲಿ ಕೈ."

ಕೊಡಲಿಯೂ ಬೇಕಾಗುವ ಕಾಲವಿರುತ್ತದೆ. ಹೇರವಾಡದ ನಿರ್ಣಯವಿಲ್ಲದಿದ್ದರೆ ಅನೇಕ ಮನೆಗಳಲ್ಲಿ ಈ ಮಾತು ಬಾಯಿಗೇ ಬರುತ್ತಿರಲಿಲ್ಲ. ಆದರೆ ಸುತ್ತೋಲೆ ಊರಿನ ಚಾವಡಿಯವರೆಗೆ ಬರಬಲ್ಲುದು. ನಡುಮನೆಯ ಹೊಸ್ತಿಲನ್ನು ದಾಟಿಸುವ ಕೆಲಸ ಮನೆಯವರದೇ.

ಆಯಿ ಹಲವು ಬಣ್ಣದ ಕುಂಚಗಳನ್ನು ಒಲ್ಲೆನೆಂದು ಬದಿಗಿಟ್ಟು ಗುಂಡುಸೂಜಿಯನ್ನೂ, ತೆಳ್ಳನೆಯ ಕುಂಚವೊಂದನ್ನೂ ಆರಿಸಿಕೊಂಡಳು. ಬಣ್ಣ ಎಷ್ಟು ಹಿಡಿಯುತ್ತದೆ, ಚುಕ್ಕಿ ಎಷ್ಟು ಹರಡುತ್ತದೆ ಎಂದು ತಿಳಿಯಲು ಮೊದಲು ಎಲ್ಲಿಯಾದರೂ ಇಟ್ಟು ನೋಡಬೇಕಲ್ಲ. ಕಾಗದ ದೂರವಿತ್ತು. ಅವಳು ತನ್ನ ಎಡಗೈಯ ಹೆಬ್ಬೆರಳಿನ ಉಗುರಿನ ಮೇಲೆಯೇ ಒಂದು, ಎರಡು, ಮೂರು, ನಾಲ್ಕು, ನಡುವೆ ಐದು ಬಿಳಿ ಚುಕ್ಕಿ ಇಟ್ಟು ನೋಡಿದಳು. ಆಮೇಲೆ ಮೊಮ್ಮಗಳ ಕೈಗೆ ಬಾಗಿದಳು.

ಹೆಬ್ಬೆರಳಿಗೆ ಗೋಪುರ, ತೋರುಬೆರಳಿಗೆ ಮುರಗಿಯ ಮೆಟ್ಟಿಲು, ನಡುಬೆರಳಿಗೆ ತುಳಸಿ ಕಟ್ಟೆ, ಉಂಗುರದ ಬೆರಳಿಗೆ ತೆನೆ, ಕಿರುಬೆರಳಿಗೆ ಬರಿಯ ಮೆಂತೆ. ಬೆರಳಿನ ಅಗಲ ನೋಡಿ ಚುಕ್ಕಿಗಳ ಲೆಕ್ಕವನ್ನು ಅವಳೇ ಹಂಚಿದಳು. ಹುಡುಗಿ ಎಡಗೈಯ ಮೇಲೆ ಗೋಪುರದ ಹೊರಗೆರೆಯನ್ನು ಒಂದೇ ಎಳೆತದಲ್ಲಿ ಬರೆದಿದ್ದಳು. ಆಯಿ ಹಾಗೆ ಬರೆಯಲಿಲ್ಲ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಗೆರೆ ಹಾಕುತ್ತ ತುದಿ ಮುಟ್ಟಿ, ಬಿಟ್ಟದ್ದನ್ನು ತುಂಬುತ್ತ ಬುಡಕ್ಕೆ ಬಂದಳು.

"ಹಂಗ್ಯಾಕ ಆಯಿ? ಒಮ್ಮೆಲೆ ಬರದ್ರ ಆಗ್ತದಲ್ಲ."

"ಹೋದ ದಾರೀಲೆ ಹೊಳ್ಳಿ ಬರಬೇಕು. ಆಗ ತಪ್ಪಿದ್ದು ಕಾಣತದ."

ಅರ್ಧ ಗಂಟೆಯ ಮೇಲೆ ಮೂರು ಬೆರಳು ಮುಗಿದವು. ಆಯಿ ಕನ್ನಡಕ ಸರಿಪಡಿಸಿಕೊಂಡು, ಅಭ್ಯಾಸಬಲದಿಂದ ಬೆರಳನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಬೆರಳ ತುದಿಯ ಮೆತ್ತನೆಯ ಮಾಂಸವಿತ್ತು.

"ಇದಕ್ಕ ಹಿಂಬದೀನ ಇಲ್ಲಲ್ಲವಾ!" ಎಂದಳು. ತುಸು ಹೊತ್ತು ಸುಮ್ಮನಿದ್ದು, "ಛಲೋ ಆತು. ಕಸೂತಿ ಹಾಕೂವಾಗ ನಮ್ಮವ್ವ ಮೊದಲ ಹಿಂಬದಿ ನೋಡಿ ಬೈತಿದ್ಲು," ಎಂದು ಸೇರಿಸಿದಳು. ಆಯಿಗೂ ಬೈಯುವ ಅವ್ವ ಇದ್ದಳೆಂಬುದು ಹುಡುಗಿಗೆ ಅಂದೇ ಹೊಳೆದದ್ದು.

ಉಗುರಿನ ಮಾತಿಗೆ ಮಾತು ಬೆಳೆಯಿತು. ಆಯಿ ತನ್ನ ತವರಿನ ಗೋರಂಟಿಯ ಗಿಡವನ್ನು ನೆನೆದಳು. ಎಲೆ ಅರೆದು ರಾತ್ರಿಯೆಲ್ಲ ಉಗುರಿಗೆ ಕಟ್ಟಿಕೊಂಡು ಮಲಗಿದರೆ ಬೆಳಿಗ್ಗೆ ಕೆಂಡದಂಥ ಕೆಂಪು. ಹುಡುಗಿಗೆ ಭಾಷಾವಿಜ್ಞಾನದ ತರಗತಿ ನೆನಪಾಯಿತು: ಕನ್ನಡದ ಉಗುರು, ತಮಿಳಿನ ಉಗಿರ್, ತೆಲುಗಿನ ಗೋರು ಒಂದೇ ಮೂಲದ ಮಾತುಗಳು, ತೆಲುಗಿನಲ್ಲಿ ಮೊದಲ ಸ್ವರ ಜಾಗ ಬದಲಿಸಿ ಒಳಗೆ ಸರಿದಿದೆ. ಸೊಲ್ಲಾಪುರದ ತೆಲುಗು ನೇಕಾರರ ಮನೆಗಳಲ್ಲಿ ಇದೇ ಎಲೆಗೆ ಗೋರಿಂಟಾಕು ಎನ್ನುತ್ತಾರೆ. ಅವರ ಕಿವಿಗೆ ಅದರಲ್ಲಿ ಉಗುರೇ ಕೇಳಿಸುತ್ತದೆ. ಗೋರಂಟಿಯ ಬಣ್ಣ ಉಗುರಿನ ಕೆರಾಟಿನ್ನಿನೊಳಗೆ ಬೆರೆಯುವುದರಿಂದ ತೊಳೆದರೆ ಹೋಗುವುದಿಲ್ಲ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಬೆಳೆದು ಅದನ್ನು ತುದಿಗೆ ತಳ್ಳಬೇಕು. ನೇಲ್ ಪಾಲಿಶ್ ಮೇಲೆ ಕುಳಿತಿರುತ್ತದೆ, ವಾರದಲ್ಲಿ ಚಕ್ಕೆಯೇಳುತ್ತದೆ. ಆಯಿಯ ಉಗುರಿನಿಂದ ಗೋರಂಟಿ ಬೆಳೆದು ಹೋಗಲು ಗಂಡ ಸತ್ತ ಮೇಲೆ ಐದಾರು ತಿಂಗಳು ಹಿಡಿದಿರಬೇಕು. ಆ ತಿಂಗಳುಗಳಲ್ಲಿ ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದಳಂತೆ. ಇದನ್ನು ಅವಳು ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

ಐದು ಬೆರಳೂ ಮುಗಿದ ಮೇಲೆ ಹುಡುಗಿ ಹೊಳಪಿನ ಕೊನೆಯ ಲೇಪದ ಶೀಶೆ ತೆಗೆದಳು. ತನ್ನ ಹತ್ತು ಉಗುರುಗಳಿಗೆ ಹಚ್ಚಿದ ಮೇಲೆ, ಕೇಳದೆಯೇ, ಆಯಿಯ ಹೆಬ್ಬೆರಳನ್ನು ಹಿಡಿದು ಐದು ಚುಕ್ಕಿಗಳ ಮೇಲೂ ಒಮ್ಮೆ ಎಳೆದಳು. ಆಯಿ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಎಳ್ಳಿನ ಬುಟ್ಟಿಯೊಂದಿಗೆ ಹೊರಬಂದ ಅವ್ವನಿಗೆ ಎಲ್ಲವೂ ಒಂದೇ ನೋಟದಲ್ಲಿ ಕಂಡಿತು. ಮಗಳ ಕೈ ನೋಡಿ ಏನೂ ಅನ್ನಲಿಲ್ಲ. "ಅತ್ತಿ, ಅದನ್ನ ಒರಸ್ರಿ. ನಾಳಿ ಮಂದಿ ಬರ್ತಾರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಊರಿನ ಮಾತು ಮೊದಲು ತಟ್ಟುವುದು ಸೊಸೆಯನ್ನೇ. ಆಯಿ ಹೂಂ ಎಂದಳು.

ಮರುದಿನ ಸಂಜೆ ಹೆಂಗಸರು ಬಂದರು. ಕನ್ನಡದವರು, ಮರಾಠಿಯವರು, ಎರಡನ್ನೂ ಬೆರೆಸಿ ಆಡುವವರು. ಆಯಿ ಪ್ರತಿ ವರ್ಷದಂತೆ ಒಳಕೋಣೆಯಲ್ಲಿ ಕೌದಿ ಹಿಡಿದು ಕುಳಿತಿದ್ದಳು. ಹುಡುಗಿ ಕುಸುರೆಳ್ಳಿನ ತಟ್ಟೆ ಹಿಡಿದು ಸಾಲಾಗಿ ಬರುತ್ತಿದ್ದಾಗ ಪಕ್ಕದ ಓಣಿಯ ಮರಾಠಿ ಹೆಂಗಸೊಬ್ಬಳು ಅವಳ ಎರಡೂ ಕೈಗಳನ್ನು ಹಿಡಿದು ನಿಲ್ಲಿಸಿದಳು. ಎಡಗೈ ನೋಡಿ ಚೆನ್ನಾಗಿದೆ ಎಂದಳು. ಬಲಗೈ ನೋಡಿ ಸುಮ್ಮನಾದಳು. ಆಮೇಲೆ, ಇದನ್ನು ಯಾರು ಬರೆದರೆಂದು ಕೇಳಿದಳು.

"ಆಈನೇ," ಎಂದಳು ಹುಡುಗಿ, ಮನೆಯ ಪದಕ್ಕೆ ಮರಾಠಿಯ ವಿಭಕ್ತಿ ಹಚ್ಚಿ.

ಆ ಹೆಂಗಸು ಅವ್ವನ ಕಡೆ ತಿರುಗಿ, ಇಷ್ಟು ದಿನ ಈ ವಿದ್ಯೆಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಹೊಗಳತೊಡಗಿದಳು. ಉಳಿದವರೂ ಕೂಡಿಕೊಂಡರು. ಅವ್ವನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. ಸುಮ್ಮನೆ ನಕ್ಕುಬಿಟ್ಟಿದ್ದರೆ ಹೊಗಳಿಕೆಯೂ ಉಳಿಯುತ್ತಿತ್ತು, ಪದ್ಧತಿಯೂ ಉಳಿಯುತ್ತಿತ್ತು. ಬಾಗಿಲಿನಾಚೆ ಕೌದಿಯ ಸೂಜಿ ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು.

"ಮೀ ನಾಹೀ," ಎಂದಳು ಅವ್ವ. "ಸಾಸೂಬಾಈಂನೀ."

ಹಾಗಾದರೆ ಅವರನ್ನು ಕರೆಯಿರಿ ಎಂದು ಇನ್ನೊಬ್ಬಳು ಕೈ ಚಾಚಿ ಕುಳಿತೇಬಿಟ್ಟಳು. ಅವ್ವ ಒಳಗೆ ಹೋದಳು. ಒಳಗೆ ಏನು ಮಾತಾಯಿತೋ ಹೊರಗಿದ್ದವರಿಗೆ ಕೇಳಲಿಲ್ಲ, ಹೊತ್ತು ಹಿಡಿಯಿತು. ಆಯಿ ಬಂದು ಜಮಖಾನೆಯ ಅಂಚಿನಲ್ಲಿ ಕುಳಿತಳು. ಹೆಂಗಸರು ಹೊಲಿಗೆಗಳ ಹೆಸರು ಕೇಳಿದರು, ಅವಳು ಹೇಳಿದಳು. ಹಿಂಬದಿಯ ಮಾತೂ ಬಂತು, ಎಲ್ಲರೂ ನಕ್ಕರು. ಎದ್ದುಹೋದವರು ಯಾರೂ ಇರಲಿಲ್ಲ. ಮೂಲೆಯಲ್ಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದೂ ನಿಜ.

ಕುಂಕುಮದ ಬಟ್ಟಲು ಅವಳ ಮುಂದೆ ಬಂದಾಗ ಅವ್ವನ ಕೈ ಅರೆಕ್ಷಣ ತಡೆಯಿತು. ಸೊಸೆಯ ಇಕ್ಕಟ್ಟನ್ನು ಆಯಿಯೇ ಬಗೆಹರಿಸಿದಳು. ಹಣೆಯನ್ನು ಮುಂದೆ ಮಾಡದೆ, ಎರಡೂ ಅಂಗೈ ಕೂಡಿಸಿ ಕುಸುರೆಳ್ಳಿಗೆ ಒಡ್ಡಿದಳು. ಒಡ್ಡಿದ ಕೈಯ ಹೆಬ್ಬೆರಳಿನ ಮೇಲೆ ಐದು ಬಿಳಿ ಚುಕ್ಕಿಗಳು ಹಾಗೆಯೇ ಇದ್ದವು. ಅವ್ವ ನೋಡಿದಳು. ಕುಸುರೆಳ್ಳನ್ನು ಉಳಿದವರಿಗೆ ಕೊಟ್ಟದ್ದಕ್ಕಿಂತ ಒಂದು ಹಿಡಿ ಹೆಚ್ಚಾಗಿ ಹಾಕಿದಳು.

ರಾತ್ರಿ ಎಲ್ಲರೂ ಹೋದ ಮೇಲೆ ಅವ್ವ ಪಾತ್ರೆ ತೊಳೆದು, ಕೈ ಒರೆಸಿಕೊಂಡು ನಡುಮನೆಗೆ ಬಂದು ಅತ್ತೆಯ ಮುಂದೆ ಕುಳಿತಳು. ಬೂದಿಯಲ್ಲಿ ತಿಕ್ಕಿ ತಿಕ್ಕಿ ಒರಟಾದ ಉಗುರುಗಳು.

"ಅತ್ತಿ, ನನಗೂ ಒಂದ್ ಬರೀರಿ."

ಆಯಿ ಗುಂಡುಸೂಜಿಗೆ ಕೈ ಚಾಚಿದಳು. ಕನ್ನಡಕದ ಮೇಲಿನಿಂದ ಸೊಸೆಯನ್ನು ನೋಡಿ, "ಎಡಗೈ ಕೊಡು," ಎಂದಳು. "ಬಲಗೈ ನಾಳಿ ರೊಟ್ಟಿ ಬಡೀಲಿಕ್ಕೆ ಬೇಕು."